ಮಳೆಗೊಬ್ಬ ಕಾವಲುಗಾರ

ಮಳೆಗಾಲದಲ್ಲಿ ಕುಮಟೆಯಿಂದ ಭಟ್ಕಳಕ್ಕೆ ರೈಲಿನಲ್ಲಿ ಹೋಗುವ ನಿಮಗೆ ಕಣ್ಣಿಗೆ ಬೀಳದ ಇಬ್ಬರು ಕಾವಲುಗಾರರು ದಾರಿಯಲ್ಲುಂಟು. ಹೊನ್ನಾವರ ದಾಟಿದೊಡನೆ ಎರಡು ಕಿಲೋಮೀಟರಿಗೂ ಮಿಕ್ಕಿದ ಶರಾವತಿ ಸೇತುವೆ. ಅಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ. ಭಟ್ಕಳ ನಿಲ್ದಾಣದಲ್ಲಿ ತಾನಾಗಿಯೇ ಲೆಕ್ಕ ಬರೆದಿಡುವ ಮಳೆಮಾಪಕ. ಈ ಲೆಕ್ಕ ರೈಲಿಗೆ ಮಾತ್ರ ಬೇಕಾದುದಲ್ಲ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ತೀರಿಕೊಂಡುದನ್ನು ನೀವು ಮರೆತಿರಲಾರಿರಿ.

ಇಂಥ ಕಾವಲುಗಾರನನ್ನು ನೀವೂ ನಿಲ್ಲಿಸಬಹುದು. ತಳದಿಂದ ಬಾಯಿಯವರೆಗೆ ಒಂದೇ ಅಗಲದ, ಚಪ್ಪಟೆ ತಳದ ಗಾಜಿನ ಡಬ್ಬಿ ಸಾಕು. ತೆಂಗಿನ ಗರಿಯ ಹನಿ, ಮಾಡಿನ ನೀರು ಬೀಳದ ಬಯಲಲ್ಲಿ ಅದನ್ನು ಭದ್ರವಾಗಿಡಿ. ದಿನವೂ ಬೆಳಗ್ಗೆ 8.30ಕ್ಕೆ (ಹವಾಮಾನ ಇಲಾಖೆಯ ಮಳೆದಿನವೂ ಆಗಲೇ ಮುಗಿಯುವುದು) ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ಬರೆದು, ಚೆಲ್ಲಿ, ಮತ್ತೆ ಇಡಿ. ಒಂದು ಮಿಲಿಮೀಟರೆಂದರೆ ಅಂಗಳದ ಚದರ ಮೀಟರಿಗೆ ಒಂದು ಲೀಟರು ನೀರು.

ಮಳೆ ಬಾರದ ದಿನ ಸೊನ್ನೆ ಬರೆಯಲೇಬೇಕು. ನೋಡಲು ಮರೆತ ದಿನಕ್ಕೆ ಸೊನ್ನೆ ಸಲ್ಲದು, ಬರಿ ಗೆರೆ ಎಳೆಯಿರಿ. ಕಾವಲುಗಾರ ಸುದ್ದಿ ಕಳಿಸಲಿಲ್ಲವೆಂದರೆ ಎಲ್ಲ ಕ್ಷೇಮವೆಂದು ಅರ್ಥವಲ್ಲವಷ್ಟೆ? ಡಬ್ಬಿಯ ಬಾಯಿಗೆ ಎಲೆ ಮುಚ್ಚಿದ್ದರೂ ಸೊನ್ನೆಯೇ ಕಾಣುವುದು. ಆದ್ದರಿಂದ ಕೇರಿಯ ಮೂರು ನಾಲ್ಕು ಮನೆಯವರು ಡಬ್ಬಿಯಿಟ್ಟು, ವಾರಕ್ಕೊಮ್ಮೆ ಅಂಕಿ ತಾಳೆ ನೋಡಿ.