ಸಾಂಬ್ರಾಣಿ ಕಡೆಯ ಮಕ್ಕಳೇ, ನಕ್ಷೆ ಬಿಚ್ಚಿ

ಸಾಂಬ್ರಾಣಿಯ, ದಾಂಡೇಲಿಯ, ಜೋಯಿಡಾದ, ಮುಂಡಗೋಡದ ತಮ್ಮಂದಿರೇ, ತಂಗಿಯರೇ, ಗೋವಾದಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಉಸುಕು ಹೊರುವವರು ಯಾರು? ಸೆಂಟ್ರಿಂಗ್ ಹಲಗೆ ಬಡಿಯುವವರು ಯಾರು? ನಮ್ಮ ಅಣ್ಣ, ನಮ್ಮ ಕಾಕಾ, ನಮ್ಮ ಅವ್ವ. ಅದೇ ಕಟ್ಟಡದ ನೆರಳಲ್ಲಿ ನಕ್ಷೆ ಹಾಸಿಕೊಂಡು, ಕಂಬ ಇಲ್ಲಿ ಬರಲಿ, ತೊಲೆ ಅಲ್ಲಿ ಬರಲಿ ಎಂದು ಹೇಳುವವರಲ್ಲಿ ನಮ್ಮವರು ಎಷ್ಟು ಮಂದಿ?

ಗಣೇಶಗುಡಿಗೆ ಹೋಗಿ ಒಮ್ಮೆ ನಿಂತು ನೋಡಿ. ಕಾಳಿ ನದಿಗೆ ಅಡ್ಡವಾಗಿ 101 ಮೀಟರ್ ಎತ್ತರ, 332 ಮೀಟರ್ ಉದ್ದದ ಸೂಪಾ ಅಣೆಕಟ್ಟು. ಅದಕ್ಕಾಗಿ ಹಳೆಯ ಸೂಪಾ ಊರೇ ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ನಾಡಿಗೆ ಬೆಳಕು ಕೊಡಲು ಊರನ್ನೇ ಬಿಟ್ಟುಕೊಟ್ಟ ನೆಲ ಇದು. ಆ ನೆಲದ ಮಕ್ಕಳು ಬುಟ್ಟಿ ಹೊರುವುದಕ್ಕೆ ಮಾತ್ರ ಸಾಕೇ? ಸಾಲದು!

ಕಟ್ಟಡದ ಓದು ದೊಡ್ಡವರದ್ದು ಎಂದು ನಿಮಗೆ ಯಾರು ಹೇಳಿದರು? ಸ್ಲ್ಯಾಬ್ ಹಾಕುವ ಬೆಳಿಗ್ಗೆಯನ್ನು ನೆನೆಯಿರಿ. ಮಿಕ್ಸರ್ ತಿರುಗುತ್ತಿದೆ. ಕೆಲಸ ಹಗುರಾಗಲಿ ಎಂದು ಯಾರೋ ಇನ್ನೊಂದು ಕೊಡ ನೀರು ಸುರಿಯುತ್ತಾರೆ. ಮೂಲೆಯಲ್ಲಿ ನಿಂತ ನಿಮ್ಮ ಅಪ್ಪ, ಮೂವತ್ತು ವರ್ಷದ ಗೌಂಡಿ, ಸಲಿಕೆಯಿಂದ ಮಾಲು ಜಾರುವುದನ್ನು ನೋಡಿಯೇ ಅನ್ನುತ್ತಾರೆ: 'ನೀರ ಹೆಚ್ಚಾತು.' ಅವರ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ಸಿವಿಲ್ ಡಿಪ್ಲೊಮಾ ತರಗತಿಯಲ್ಲಿ ಕಲಿಸುವುದೂ ನೀರಿನ ಈ ಲೆಕ್ಕವನ್ನೇ. ಅಡಿಯಲ್ಲಿ ಅಗಲ, ಮೇಲೆ ಕಿರಿದಾದ 30 ಸೆಂಟಿಮೀಟರ್ ಎತ್ತರದ ಲೋಹದ ಅಚ್ಚಿಗೆ ಹಸಿ ಕಾಂಕ್ರೀಟನ್ನು ಪದರಪದರವಾಗಿ ತುಂಬಿ, ಪ್ರತಿ ಪದರಕ್ಕೂ 25 ಸಲ ಸಲಾಕೆಯಿಂದ ತಿವಿದು, ಅಚ್ಚನ್ನು ಮೆಲ್ಲಗೆ ಮೇಲೆತ್ತಿ, ಗುಡ್ಡೆ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ. ಅತಿಯಾಗಿ ಕುಸಿದರೆ ನೀರು ಹೆಚ್ಚಾಗಿರಬಹುದು. ಅದೇ ಕಾಂಕ್ರೀಟಿನ 15 ಸೆಂಟಿಮೀಟರ್ ಘನಗಳನ್ನು 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆದು ಬಲ ನೋಡುತ್ತಾರೆ. ಅಪ್ಪನ ಕಣ್ಣು ಕಂಡದ್ದನ್ನು ನಿಮ್ಮ ಪೆನ್ನು ಅಂಕಿಯಲ್ಲಿ ಬರೆದರೆ ಕೆಲಸ ನಿಲ್ಲುತ್ತದೆ. ಮಾಲು ಬದಲಾಗುತ್ತದೆ. ಮನೆ ಉಳಿಯುತ್ತದೆ.

ಉಸುಕಿನ ರಾಶಿಯ ಮೇಲೆ ಆಡಿ ಬೆಳೆದವರು ನೀವು. ಜೋಯಿಡಾದ ಮಳೆ ಹಿಡಿದರೆ ಪಾಯದ ಗುಂಡಿ ಕೆರೆಯಾಗುತ್ತದೆ, ಸಿಮೆಂಟ್ ಚೀಲ ಗೋಡೆಗೆ ತಾಗಿದರೆ ಗಟ್ಟಿಯಾಗುತ್ತದೆ ಎಂಬುದು ನಿಮಗೆ ಯಾವ ಪುಸ್ತಕವೂ ಹೇಳಬೇಕಿಲ್ಲ. ಯಾವ ಕೆಲಸ ಯಾವ ವಾರ, ಎಷ್ಟು ಆಳು, ಎಷ್ಟು ಕಡಿ, ಎಷ್ಟು ಸರಳು ಎಂದು ಮೊದಲೇ ಲೆಕ್ಕ ಹಾಕುವುದಕ್ಕೇ ಕಾಮಗಾರಿ ನಿರ್ವಹಣೆ ಎನ್ನುತ್ತಾರೆ. ಪೇಟೆಯ ಹುಡುಗ ಓದು ಮುಗಿಸಿ ಕಲಿಯಬೇಕಾದ ಅರ್ಧ ನಿಮ್ಮ ಕೈಯಲ್ಲಿ ಈಗಲೇ ಇದೆ. ಉಳಿದರ್ಧಕ್ಕೆ ಯಾಕೆ ಅಂಜುತ್ತೀರಿ?

ದಾರಿ ದೂರವೂ ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಸಿವಿಲ್ ಡಿಪ್ಲೊಮಾ. ಮುಂದೆ ಓದುವ ಮನಸ್ಸಿದ್ದರೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ. ಹಳಿಯಾಳದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಅವರ ಕಸುಬನ್ನು ಕಲಿಯುವುದರಲ್ಲಿ ಮಾತ್ರ ಹಿಂದೆ ಬಿದ್ದಿದ್ದೇವೆ. ತಂಗಿಯರೇ, ನಿಮಗೂ ಇದೇ ಮಾತು. ಅವ್ವ ಬುಟ್ಟಿ ಹೊತ್ತು ಏಣಿ ಹತ್ತಬಹುದಾದರೆ ಮಗಳು ಟೇಪು ಹಿಡಿದು ಹತ್ತಬಾರದೇ?

ಹಣದ ಚಿಂತೆಯೇ? ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನೋಂದಾಯಿತರ ಮಕ್ಕಳ ಓದಿಗೆ ಮಂಡಳಿಯ ಸಹಾಯಧನವಿದೆ. ಅದು ಭಿಕ್ಷೆಯಲ್ಲ, ಅಪ್ಪ ಅವ್ವನ ಬೆವರಿನ ಪಾಲು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರ ಮಂಡಳಿಯ ಕಾರ್ಡ್ ಎಲ್ಲಿದೆ ಎಂದು ಕೇಳಿ. ಇಲ್ಲದಿದ್ದರೆ ನಾಳೆಯೇ ಮಾಡಿಸಿ.