ನಮ್ಮ ಕಡೆ ಮಳಿ ಯಾವಾಗ?



ನಮ್ಮ ಮಲ್ಲಟದ ಕಡೆ ಬ್ಯಾಸಗಿ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಹಂಚಿನ ಮ್ಯಾಲೆ ನಿಂತಂಗ ಆಗ್ತದ. ಇವತ್ತು ಮಳೆಯ ಮಾತು ಆಡೋಣ.

ಜೂನ್ ಬಂತು. ಮಿರಗದ ಮಳೆ ಒಂದು ಸಲ ಹೊಡೆಯಿತು. "ಮಳಿ ಬಂತು, ಬಿತ್ತೋಣ" ಅಂತ ಮನೆಯಲ್ಲಿ ಅವಸರ. ಬೀಜಕ್ಕೆ ಸಂಘದಲ್ಲಿ ಸಾಲ. ಸಾಲದ ಪುಸ್ತಕದಲ್ಲಿ ಸಹಿ ಯಾರದು? ನಿಮ್ಮದು. ಬಿತ್ತಿದ ಮೇಲೆ ಹದಿನೈದು ದಿನ ಹನಿ ಇಲ್ಲ. ಮೊಳಕೆ ಒಣಗಿತು. ಬೀಜ ಹೋಯಿತು, ಸಾಲ ಉಳಿಯಿತು.

ಹೀಗೆ ಯಾಕೆ? ಜೂನ್ ತಿಂಗಳ ಮೋಡ ಅರಬ್ಬಿ ಸಮುದ್ರದಿಂದ ಬರುತ್ತದೆ. ದಾರಿಗೆ ಸಹ್ಯಾದ್ರಿ ಬೆಟ್ಟ ಅಡ್ಡ. ಮೋಡ ಅಲ್ಲೇ ಸುರಿದು ಹಗುರಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ 600ರಿಂದ 700. ಅಲ್ಲಿ ಹತ್ತು ಕೊಡ ಬಿದ್ದರೆ ಇಲ್ಲಿ ಒಂದು ಕೊಡ!

ನಮಗೆ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ. ಹುಬ್ಬಿ ಮಳೆ, ಉತ್ತರಿ ಮಳೆ. ಆಗ ಬಂಗಾಳ ಕೊಲ್ಲಿಯ ಕಡೆಯಿಂದಲೂ ಮೋಡ ಬರುತ್ತದೆ. ಒಮ್ಮೊಮ್ಮೆ ಅತಿಯಾಗುತ್ತದೆ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯದೊಳಗೆ ನೀರು ನುಗ್ಗಿತ್ತು.

ಈ ಮಳೆಗೇ ನಮ್ಮ ಹಿಂಗಾರಿ ಬಿಳಿ ಜೋಳ. ಬಿತ್ತಿದ ಮೇಲೆ ಮಳೆ ಕಡಿಮೆ. ಆದರೂ ತೆನೆ ಕಟ್ಟುತ್ತದೆ. "ಅದು ಚಳಿಗೆ ಬರುವ ಬೆಳಿ" ಅಂತಾರೆ. ಚಳಿ ಬೇಕು, ಖರೆ. ಆದರೆ ನೀರು ಕೊಡುವುದು ಎರಿ ಮಣ್ಣು. ಅದು ಮಳೆ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಬಿರುಕು ಬಿಟ್ಟರೆ ಹಸಿ ಆರುತ್ತದೆ. ಅದಕ್ಕೇ ಎಡಿ ಹೊಡೆದು ಬಿರುಕು ಮುಚ್ಚುವುದು.

ಎಲ್ಲಾ ಕಡೆ ಮಳೆಗಾಲ ಒಂದೇ ತಿಂಗಳಲ್ಲ. ದೂರದ ಆಫ್ರಿಕಾದಲ್ಲಿ ಜಾಂಬಿಯಾ ಎಂಬ ದೇಶವಿದೆ. ಅಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ. ನಾವು ಸಂಕ್ರಾಂತಿಗೆ ಸಜ್ಜಿ ರೊಟ್ಟಿ ತಟ್ಟುವಾಗ ಅಲ್ಲಿ ಹೆಣ್ಣುಮಕ್ಕಳು ಮಳೆಯಲ್ಲಿ ಮೆಕ್ಕೆಜೋಳದ ಕಳೆ ತೆಗೆಯುತ್ತಿರುತ್ತಾರೆ. ಅವರಿಗೂ ಮೊದಲ ಮಳೆಯ ಮೇಲೆ ನಂಬಿಕೆ ಕಷ್ಟವೇ.

ಆದ್ದರಿಂದ ಮೊದಲ ಮಳೆ ಬಂದಾಗ ಹೊಲಕ್ಕೆ ನೀವೂ ಹೋಗಿರಿ. ಸಲಿಕೆಯಿಂದ ಮಣ್ಣು ತೆಗೆದು ನೋಡಿರಿ. ಹಸಿ ಒಂದು ಗೇಣು ಇಳಿದಿದೆಯೇ? ಮೇಲೆ ಮಾತ್ರ ಹಸಿ ಇದ್ದರೆ "ಇನ್ನೊಂದು ಮಳಿ ನೋಡೋಣ್ರಿ" ಅನ್ನಿರಿ. ಇರುವ ಬೀಜವನ್ನೆಲ್ಲಾ ಒಂದೇ ಸಲ ಹಾಕಬೇಡಿರಿ.

ಈಗ ನಿಮಗೆ ಬರೆಯಲು ಬರುತ್ತದೆ. ಮಳೆ ಬಂದ ತಾರೀಖು, ಹಸಿ ಎಷ್ಟು ಇಳಿಯಿತು, ಎರಡನ್ನೂ ನೋಟುಬುಕ್ಕಿನಲ್ಲಿ ಬರೆದಿಡಿರಿ. ಸಂಘದ ಸಭೆಗೆ ಅದನ್ನೂ ತನ್ನಿರಿ. ಬೀಜದ ಸಾಲದ ಮಾತು ಬಂದಾಗ ತೆಗೆದು ಓದಿರಿ.