ಗಾಜಿನ ನೂಲಿನ ತೊಟ್ಟಿಯಲ್ಲಿ ಮೀನುಮರಿ

ಮುಂಗಾರು ಕೈಕೊಟ್ಟರೂ ಹಿಂಗಾರಿನಲ್ಲಾದರೂ ನಾಲ್ಕು ಮಳೆ ಬಿದ್ದು ಕೆರೆ ಕೋಡಿ ಹರಿಯಿತೆಂದರೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ಹಬ್ಬದ ಸಡಗರ. ಬಾಗಿನ ಬಿಡುವವರು ಬಿಡುತ್ತಾರೆ, ಗದ್ದೆಯವರು ನೇಗಿಲು ಹೂಡುತ್ತಾರೆ. ಅದೇ ಹೊತ್ತಿಗೆ ಊರಿನಲ್ಲಿ ಒಬ್ಬನಿಗೆ ಮಾತ್ರ ಕಳವಳ ಪ್ರಾರಂಭವಾಗಿರುತ್ತದೆ. ಅವನು ಕೆರೆಯ ಮೀನನ್ನು ಗುತ್ತಿಗೆ ಹಿಡಿದವನು. ನೀರೇನೋ ಬಂದಿತು, ಬಿಡುವುದಕ್ಕೆ ಮರಿ ಎಲ್ಲಿ? ಇಂಥ ಕೆರೆಗಳಲ್ಲಿ ಎಷ್ಟೋ, ಬೇಸಗೆ ಕಾಲಿಡುತ್ತಿದ್ದಂತೆ ಬತ್ತತೊಡಗುವಂಥವು. ನಡುವೆ ಇರುವುದು ಐದಾರು ತಿಂಗಳ ಅವಕಾಶ. ಅದರಲ್ಲಿ ಒಂದು ತಿಂಗಳು ಮರಿಗಾಗಿ ಅಲೆಯುವುದರಲ್ಲೇ ಕಳೆದುಹೋದರೆ, ಕೊನೆಗೆ ಬಲೆಗೆ ಬರುವ ಮೀನು ಅಷ್ಟಕ್ಕಷ್ಟೇ ಆಗುತ್ತದೆ. ಪಟ್ಟಣದ ಸಂತೆಯಲ್ಲಿ ಮೀನು ಕೊಳ್ಳುವ ನಿಮಗೂ ಈ ಲೆಕ್ಕ ತಟ್ಟದೆ ಇರುವುದಿಲ್ಲ.

ಕೆರೆಯಲ್ಲಿ ಮೀನಿದ್ದ ಮೇಲೆ ಮರಿಯೂ ಅಲ್ಲೇ ಆಗುವುದಿಲ್ಲವೆ ಎಂದು ನೀವು ಕೇಳಬಹುದು. ಕೆಲವು ಜಾತಿಯಲ್ಲಿ ಆಗುತ್ತದೆ. ಆದರೆ ಕೆರೆಯಲ್ಲಿ ಸಾಕಲು ಹೆಸರಾದ ಕಾಟ್ಲ, ರೋಹು, ಮೃಗಾಲ ಎಂಬ ಮೂರು ಗೆಂಡೆ ಮೀನುಗಳ ಸ್ವಭಾವವೇ ಬೇರೆ. ಇವು ಮೂಲತಃ ಉತ್ತರದ ದೊಡ್ಡ ನದಿಗಳ ಮೀನುಗಳು. ಮಳೆಗಾಲದಲ್ಲಿ ನದಿ ಉಕ್ಕಿ ಹರಿಯುವಾಗ ಮಾತ್ರ ತತ್ತಿಯಿಡುತ್ತವೆ. ನಿಂತ ನೀರಿನಲ್ಲಿ ಹೊಟ್ಟೆ ತುಂಬ ತತ್ತಿ ಹೊತ್ತರೂ ಇಡಲೊಲ್ಲವು. ಆದುದರಿಂದ ಹಿಂದೆ ನದಿಯಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಿ, ಬೇಕಾದುದು ಬೇಡವಾದುದು ಎಲ್ಲ ಬೆರೆತ ಮರಿಗಳನ್ನು ಹಿಡಿದು ದೂರದೂರಕ್ಕೆ ಸಾಗಿಸುತ್ತಿದ್ದರು.

೧೯೫೭ರ ಜುಲೈ ೧೦ರಂದು ಒರಿಸ್ಸಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಡಾ. ಅಲಿಕುನ್ಹಿಯವರೊಡನೆ ಈ ಕಟ್ಟನ್ನು ಬಿಡಿಸಿದರು. ಬೇರೊಂದು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯನ್ನು ತೆಗೆದು, ಅದರ ಸಾರವನ್ನು ತಾಯಿ ಮೀನಿಗೆ ಚುಚ್ಚಿದರೆ, ನದಿಯ ಹಂಗಿಲ್ಲದೆ ಅದು ತತ್ತಿಯಿಡುತ್ತದೆಂದು ತೋರಿಸಿಕೊಟ್ಟರು. ಇಂದು ಆ ದಿನವನ್ನು ಮೀನು ಸಾಕುವವರ ರಾಷ್ಟ್ರೀಯ ದಿನವೆಂದು ಆಚರಿಸುತ್ತಾರೆ. ಈಗ ಗ್ರಂಥಿಯ ಬದಲು ಸಿದ್ಧ ಔಷಧಗಳೇ ದೊರೆಯುತ್ತವೆ.

ತತ್ತಿಯೇನೋ ಬಂದಿತು. ಅದನ್ನು ಮರಿ ಮಾಡುವುದೆಲ್ಲಿ? ಈ ಮೀನುಗಳ ತತ್ತಿ ಅಂಟಿಕೊಳ್ಳುವುದಿಲ್ಲ, ತೇಲುವುದೂ ಇಲ್ಲ. ನೀರು ಅಲುಗದಿದ್ದರೆ ತಳಕ್ಕೆ ಕುಳಿತು, ಒಂದರ ಮೇಲೊಂದು ಬಿದ್ದು, ಉಸಿರುಕಟ್ಟಿ ಸಾಯುತ್ತದೆ. ಮೊದಲಿಗೆ ಕೊಳದಲ್ಲಿ ಗೂಟ ನೆಟ್ಟು ಹಾಪಾ ಎಂಬ ಬಟ್ಟೆಯ ತೊಟ್ಟಿಲುಗಳನ್ನು ಕಟ್ಟುತ್ತಿದ್ದರು. ಗಾಳಿ ಬೀಸಿದರೆ ಹರಿಯಿತು, ಏಡಿ ಕಡಿದರೆ ತೂತಾಯಿತು, ಬಿಸಿಲೇರಿದರೆ ನೀರು ಕಾಯಿತು. ಅನಂತರ ಚೀನೀ ಮಾದರಿಯ ದುಂಡು ಸಿಮೆಂಟು ತೊಟ್ಟಿಗಳು ಬಂದವು. ಕೆಲಸ ಚೊಕ್ಕವಾಯಿತು, ನಿಜ. ಆದರೆ ಅವು ದೊಡ್ಡವರ ಸ್ವತ್ತು. ಜಮೀನು ಸ್ವಂತದ್ದಿರಬೇಕು, ಗಾರೆ ಕೆಲಸ ಬಲ್ಲವರು ಬೇಕು, ಒಮ್ಮೆ ಕಟ್ಟಿದ್ದು ಕಟ್ಟಿದಲ್ಲೇ ಉಳಿಯಬೇಕು. ಗುತ್ತಿಗೆಯ ನೆಲದಲ್ಲಿ ದುಡಿಯುವವನು ಪರರ ಭೂಮಿಯ ಮೇಲೆ ಸಿಮೆಂಟು ಸುರಿಯುವನೆ? ಹೀಗಾಗಿ ಮರಿಯ ಕೇಂದ್ರಗಳು ಅಲ್ಲೊಂದು ಇಲ್ಲೊಂದು ಉಳಿದವು. ಮರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಮಿಕ್ಕಂತೆ ಆಮ್ಲಜನಕ ತುಂಬಿಸಿಕೊಂಡು, ತಗಡಿನ ಡಬ್ಬಿಗಳಲ್ಲಿ ಕುಳಿತು, ರಾತ್ರಿಯೆಲ್ಲಾ ಪ್ರಯಾಣ ಮಾಡುವಂತಾಯಿತು. ದಾರಿಯಲ್ಲಿ ಲಾರಿ ಕೆಟ್ಟರೆ ಆ ಡಬ್ಬಿಗಳ ಗತಿಯೇನು, ಊಹಿಸಿಕೊಳ್ಳಿ.

ಫೈಬರ್‌ಗ್ಲಾಸ್ ಇಲ್ಲಿ ಉಪಯೋಗಕ್ಕೆ ಬಂದಿತು. ಈ ವಸ್ತುವನ್ನು ನೀವು ಕಾಣದವರಲ್ಲ. ಮಲ್ಪೆಯ ಕಡಲದಂಡೆಗೆ ಹೋದರೆ ಮರದ ನಾಡದೋಣಿಯ ಸ್ಥಾನದಲ್ಲಿ ಇದೇ ವಸ್ತುವಿನ ದೋಣಿಗಳನ್ನು ನೋಡುತ್ತೀರಿ. ಕಾಯಿಸಿ ಕರಗಿಸಿದ ಗಾಜನ್ನು ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣ ನೂಲಾಗಿ ಎಳೆದು, ಚಾಪೆಯಂತೆ ಹರವಿ, ಅದಕ್ಕೆ ಪಾಲಿಯೆಸ್ಟರ್ ಎಂಬ ಅಂಟುದ್ರವವನ್ನು ಉಣಿಸುತ್ತಾರೆ. ಅಂಟಿಗೆ ಗಟ್ಟಿಕಾರಕವೊಂದನ್ನು ಬೆರೆಸಿರುವುದರಿಂದ ಕೆಲಹೊತ್ತಿನಲ್ಲೇ ಅದು ಬಿಗಿಯುತ್ತದೆ. ಬರಿಯ ಅಂಟು ಪೆಡಸು, ಬರಿಯ ನೂಲು ಬಳುಕು. ಎರಡೂ ಸೇರಿದರೆ, ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿದಂತೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತೂಕದಲ್ಲಿ ಇದು ಉಕ್ಕಿನ ನಾಲ್ಕರಲ್ಲೊಂದು ಪಾಲಿನಷ್ಟೂ ಬರುವುದಿಲ್ಲ. ತುಕ್ಕು ಹಿಡಿಯುವ ಭಯವಿಲ್ಲ. ಅಚ್ಚು ಹೇಗಿದೆಯೋ ಹಾಗೆ ಆಕಾರ ತಾಳುತ್ತದೆ. ಮೀನಿಗೆ ಬೇಕಾದುದು ಮೂಲೆಯಿಲ್ಲದ ದುಂಡು ತೊಟ್ಟಿಯಾದುದರಿಂದ ಈ ಗುಣ ಬಹಳ ಅನುಕೂಲ.

ಭುವನೇಶ್ವರದ ಬಳಿ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯವರು, ಕೃಷಿಯಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ಕುರಿತ ಅಖಿಲ ಭಾರತ ಯೋಜನೆಯೊಂದರ ಅಂಗವಾಗಿ, ಈ ವಸ್ತುವಿನಿಂದ ಎತ್ತಿಕೊಂಡು ಹೋಗಬಹುದಾದ ಮರಿಕೇಂದ್ರವೊಂದನ್ನು ರೂಪಿಸಿದರು. ಅದರಲ್ಲಿ ನಾಲ್ಕು ಅಂಗಗಳು. ಮೊದಲನೆಯದು ತತ್ತಿಯಿಡಿಸುವ ತೊಟ್ಟಿ. ಅಡ್ಡಳತೆ ೨ ಮೀಟರಿಗೆ ಸ್ವಲ್ಪ ಮೇಲೆ, ಎತ್ತರ ೯೦ ಸೆಂಟಿಮೀಟರು, ಮೂರು ಸಾವಿರ ಲೀಟರಿಗೂ ಮೀರಿ ನೀರು ಹಿಡಿಯುತ್ತದೆ. ಎರಡನೆಯದು ಮರಿಯೊಡೆಯುವ ತೊಟ್ಟಿ. ಇದು ೧.೪ ಮೀಟರು ಅಡ್ಡಳತೆಯದು, ಸುಮಾರು ೧,೪೦೦ ಲೀಟರಿನದು. ಮೂರನೆಯದು ತತ್ತಿಯನ್ನೂ ಮರಿಯನ್ನೂ ಹಿಡಿದುಕೊಳ್ಳುವ ಉದ್ದನೆಯ ಸಣ್ಣ ತೊಟ್ಟಿ. ನಾಲ್ಕನೆಯದು ಎತ್ತರದಲ್ಲಿಟ್ಟ ನೀರಿನ ಟ್ಯಾಂಕು ಮತ್ತು ಅದರ ಕೊಳವೆಗಳು. ಒಂದು ಮನೆಯ ಹಿತ್ತಲಿನಲ್ಲಿ ಹಿಡಿಸುವ ಸಾಮಾನು!

ಸಾಯಂಕಾಲ ತಾಯಿ ತಂದೆ ಮೀನುಗಳಿಗೆ ಚುಚ್ಚಿ ದೊಡ್ಡ ತೊಟ್ಟಿಗೆ ಬಿಡುತ್ತಾರೆ. ಓರೆಯಾಗಿ ಕೂರಿಸಿದ ಕೊಳವೆಗಳಿಂದ ನೀರು ನುಗ್ಗಿ ತೊಟ್ಟಿಯೊಳಗೆ ಸುತ್ತತೊಡಗುತ್ತದೆ. ಮೀನು ಇದನ್ನೇ ನದಿಯ ಪ್ರವಾಹವೆಂದು ಭಾವಿಸುತ್ತದೆಯೋ ಏನೋ, ರಾತ್ರಿ ನಾಲ್ಕಾರು ಗಂಟೆಗಳಲ್ಲಿ ತತ್ತಿಯಿಡುತ್ತದೆ. ಸಾಸಿವೆಗಿಂತ ದೊಡ್ಡದಲ್ಲದ ತತ್ತಿ ನೀರು ಹೀರಿ ಹೆಸರುಕಾಳಿನ ಗಾತ್ರಕ್ಕೆ ಉಬ್ಬುತ್ತದೆ. ತಳದ ಇಳಿಜಾರು ಅದನ್ನು ತಾನಾಗಿಯೇ ಹೊರಕೊಳವೆಗೆ ತಲುಪಿಸುತ್ತದೆ. ಕೈ ಹಾಕಿ ಬಾಚುವ ಪ್ರಮೇಯವಿಲ್ಲ. ಅಲ್ಲಿಂದ ಅಳೆದು ಎರಡನೆಯ ತೊಟ್ಟಿಗೆ ಹಾಕುತ್ತಾರೆ. ಅದರ ನಡುವೆ ನವುರಾದ ನೈಲಾನ್ ಬಟ್ಟೆ ಹೊದಿಸಿದ ಉರುಳೆಯೊಂದಿರುತ್ತದೆ. ನೀರು ಬಟ್ಟೆಯ ಮೂಲಕ ಹೊರಹೋಗುತ್ತದೆ, ತತ್ತಿ ಮಾತ್ರ ಸುತ್ತುತ್ತಲೇ ಇರುತ್ತದೆ. ನೀರಿನ ಶಾಖ ೨೭ರಿಂದ ೩೦ ಡಿಗ್ರಿಯೊಳಗಿದ್ದರೆ ಒಂದು ದಿನ ತುಂಬುವುದರೊಳಗೆ ಮರಿ ಒಡೆಯುತ್ತದೆ. ಹೊಟ್ಟೆಗೆ ಅಂಟಿದ ಬುತ್ತಿಯನ್ನು ಮೂರು ದಿನ ಉಂಡು, ನಾಲ್ಕನೆಯ ದಿನ ತಾನಾಗಿ ಈಜಿ ಆಹಾರ ಹುಡುಕುತ್ತದೆ. ಒಂದು ಸಲಕ್ಕೆ ೧೦-೧೨ ಕಿಲೋ ತೂಕದ ಮೀನುಗಳಿಂದ ೧೦-೧೨ ಲಕ್ಷ ಮರಿ ಪಡೆಯಬಹುದೆಂದು ಆ ಸಂಸ್ಥೆಯ ಲೆಕ್ಕ. ಇವು ಕೆರೆಗೆ ಬಿಡುವ ಮರಿಗಳಲ್ಲ. ಸಣ್ಣ ಕೊಳದಲ್ಲಿ ಮತ್ತೆ ಕೆಲವು ವಾರ ಸಾಕಿ ಬೆರಳುದ್ದ ಮಾಡಬೇಕು. ಆದರೆ ಆ ಸಾಕಣೆಯೂ ಊರಿನ ಮಗ್ಗುಲಲ್ಲೇ ನಡೆಯಿತೆಂದರೆ, ಕೆರೆ ತುಂಬಿದ ವಾರದಲ್ಲೇ ಮರಿ ಕೈಗೆಟುಕುತ್ತದೆ.

ಈ ಮೂರು ನಾಲ್ಕು ದಿನಗಳೂ ನೀರು ಒಂದು ಗಳಿಗೆಯೂ ನಿಲ್ಲಕೂಡದು. ನಡುರಾತ್ರಿ ವಿದ್ಯುತ್ತು ಹೋಗುವುದು ನಮ್ಮ ಹಳ್ಳಿಗಳಲ್ಲಿ ಅಪರೂಪದ ಸಂಗತಿಯೆ? ಎತ್ತರದ ಟ್ಯಾಂಕನ್ನು ಜಿಪುಣತನದಿಂದ ಸಣ್ಣದು ಮಾಡಿದವರು ಬೆಳಗ್ಗೆ ಎದ್ದು ಬಿಳಿಚಿ ಸತ್ತ ತತ್ತಿಯನ್ನು ನೋಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹಣ ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಬೇಕು, ಈ ಟ್ಯಾಂಕಿನಲ್ಲಲ್ಲ.

ಸಿಮೆಂಟಿಗಿಂತ ಇದರಲ್ಲಿ ಇನ್ನೊಂದು ಸುಖವುಂಟು. ಹೊಸ ಸಿಮೆಂಟು ತೊಟ್ಟಿ ಸುಣ್ಣ ಬಿಟ್ಟು ನೀರನ್ನು ಕ್ಷಾರ ಮಾಡುತ್ತದೆ, ಒರಟಾದ ಗೋಡೆ ಮೀನಿನ ಮೈ ತರಚುತ್ತದೆ, ತರಚಿದಲ್ಲಿ ಬೂಷ್ಟು ಹಿಡಿಯುತ್ತದೆ. ಫೈಬರ್‌ಗ್ಲಾಸಿನ ಒಳಮೈ ಪಿಂಗಾಣಿಯಂತೆ ನುಣುಪು. ಪಾಚಿ ಹಿಡಿದರೂ ಉಜ್ಜಿದರೆ ಬಿಡುತ್ತದೆ.

ಆದರೆ ಹೊಳೆಯುವುದೆಲ್ಲ ಒಳ್ಳೆಯ ತೊಟ್ಟಿಯಲ್ಲ. ಕೊಳ್ಳುವವರು ಮೂಗನ್ನು ನಂಬಬೇಕು. ಅಂಟು ಸರಿಯಾಗಿ ಬಿಗಿಯದಿದ್ದರೆ ಸ್ಟೈರೀನ್ ಎಂಬ ದ್ರವದ ಘಾಟು ತೊಟ್ಟಿಯಲ್ಲಿ ಉಳಿದಿರುತ್ತದೆ. ಅದು ನೀರಿಗಿಳಿದರೆ ಮರಿಗಳಿಗೆ ವಿಷ. ಯಾವುದೇ ಹೊಸ ತೊಟ್ಟಿಯನ್ನು ಬಿಸಿಲುಗಾಳಿಗೆ ಒಡ್ಡಿ, ಹಲವು ದಿನ ನೀರು ತುಂಬಿ ಚೆಲ್ಲಿ, ಘಾಟು ಹೋದ ಮೇಲೆಯೇ ಬಳಸತಕ್ಕದ್ದು. ಒಳಮೈಗೆ ಬಳಿದ ನುಣುಪಿನ ಲೇಪ ತೆಳುವಾಗಿದ್ದರೆ ಕ್ರಮೇಣ ಗಾಜಿನ ನೂಲು ಹೊರಕ್ಕೆ ಇಣುಕುತ್ತದೆ. ಮುಟ್ಟಿದವರ ಕೈ ನವೆಯಾಗುತ್ತದೆ, ನೀರು ಒಳಗೆ ಇಂಗಿ ಗುಳ್ಳೆಯೇಳುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಪದರಗಳ ನಡುವೆ ಉಳಿದ ಗಾಳಿಯ ಗುಳ್ಳೆಗಳು ಕಾಣುತ್ತವೆ. ಅಂಥದನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಲೇಸು. ಕೂರಿಸುವ ನೆಲ ಸಮವಾಗಿದ್ದು, ಮೇಲೊಂದು ಚಪ್ಪರವಿದ್ದರೆ ಬಿಸಿಲಿನಿಂದ ಬರುವ ಕೇಡು ಕಡಿಮೆ. ಬಿರುಕು ಬಿಟ್ಟರೆ ಹೊಸ ತೇಪೆ ಹಚ್ಚಬಹುದು. ಆದರೆ ಆಯುಷ್ಯ ಮುಗಿದ ತೊಟ್ಟಿಯನ್ನು ಬಿಂದಿಗೆಯ ಹಿತ್ತಾಳೆಯಂತೆ ಕರಗಿಸಿ ಮತ್ತೊಂದು ಮಾಡುವಂತಿಲ್ಲ. ಒಮ್ಮೆ ಬಿಗಿದ ಅಂಟು ಮತ್ತೆ ಕರಗದು. ಈ ತ್ಯಾಜ್ಯದ ಚಿಂತೆ ದೋಣಿ ಕಟ್ಟುವವರಿಗೂ ಇದೆ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ತೊಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದು ಬಾಣಂತಿಯ ಕೋಣೆ ಮಾತ್ರ. ವಂಶವನ್ನು ಅದು ಸುಧಾರಿಸಲಾರದು. ಏಕನಾಥ್ ಮತ್ತು ಡಾಯಲ್ ಎಂಬ ವಿಜ್ಞಾನಿಗಳು ನಮ್ಮ ಕರ್ನಾಟಕದ ಮರಿಕೇಂದ್ರಗಳನ್ನೇ ಪರಿಶೀಲಿಸಿ, ಕೆಲವೇ ತಾಯಿ ತಂದೆ ಮೀನುಗಳಿಂದ ವರ್ಷವರ್ಷವೂ ಮರಿ ತೆಗೆಯುವುದರಿಂದ ಒಡಹುಟ್ಟಿದವುಗಳ ನಡುವೆಯೇ ಸಂತಾನವಾಗಿ, ಒಳಸಂಬಂಧ ವರ್ಷಕ್ಕೆ ನೂರಕ್ಕೆ ೨ರಿಂದ ೧೭ರವರೆಗೆ ಏರುತ್ತಿದೆಯೆಂದು ೧೯೯೦ರಲ್ಲಿ ಪ್ರಕಟಿಸಿದರು. ಇಂಥ ಮರಿ ಸೊರಗುತ್ತದೆ, ಬೆಳೆಯುವುದಿಲ್ಲ. ಹಿತ್ತಲಿಗೊಂದು ತೊಟ್ಟಿ ಬಂದು, ಪ್ರತಿಯೊಬ್ಬನೂ ತನ್ನ ನಾಲ್ಕು ಮೀನುಗಳಿಂದಲೇ ವರ್ಷವೆಲ್ಲಾ ಕಾಲ ಹಾಕಿದರೆ ಈ ಕೇಡು ಇನ್ನೂ ಹಬ್ಬುವುದು. ನೆರೆಯ ಕೇಂದ್ರದವರೊಡನೆ ಮೀನು ಬದಲಾಯಿಸಿಕೊಳ್ಳುವುದು, ಆಗಿಂದಾಗ್ಗೆ ಬೇರೆಡೆಯಿಂದ ಹೊಸ ತಳಿ ತರುವುದು, ಕಾಟ್ಲ ರೋಹುಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸದಿರುವುದು, ಇವೆಲ್ಲ ತೊಟ್ಟಿಯ ಬೆಲೆಯಲ್ಲಿ ಸೇರಿರದ ಖರ್ಚುಗಳು. ಆದರೂ ಮಾಡಲೇಬೇಕಾದ ಖರ್ಚುಗಳು. ತೊಟ್ಟಿ ಮಾರುವವನು ಇದನ್ನು ಹೇಳುವುದಿಲ್ಲ, ಹೇಳಬೇಕೆಂದೂ ನಾವು ಅವನಿಂದ ನಿರೀಕ್ಷಿಸಲಾಗದು.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವ ಬೆಂಗಳೂರಿನವರಿಗೆ ಹೆಸರಘಟ್ಟ ದೂರವಲ್ಲ. ಭುವನೇಶ್ವರದ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಲ್ಲಿದೆ. ಉಳಿದ ಊರಿನವರು ಸಮೀಪದ ಮೀನುಗಾರಿಕೆ ಇಲಾಖೆಯ ಮರಿ ಉತ್ಪಾದನಾ ಕೇಂದ್ರವನ್ನು ವಿಚಾರಿಸಬಹುದು. ಮೊದಲೇ ಅನುಮತಿ ಪಡೆದು, ಮಳೆಗಾಲದಲ್ಲಿ, ಮೀನಿಗೆ ಚುಚ್ಚಿದ ಮಾರನೆಯ ಬೆಳಗ್ಗೆ ಹೋಗಿ. ಮಕ್ಕಳನ್ನು ಕರೆದೊಯ್ಯುವುದಾದರೆ ಒಂದು ಬಿಳಿಯ ಪಿಂಗಾಣಿ ಬಟ್ಟಲು ಜೊತೆಗಿರಲಿ. ತೊಟ್ಟಿಯಲ್ಲಿ ಬರಿಯ ನೀರೇ ಸುತ್ತುತ್ತಿರುವಂತೆ ಕಾಣುತ್ತದೆ. ಅಲ್ಲಿಯವರನ್ನು ಕೇಳಿ ಒಂದಿಷ್ಟನ್ನು ಬಟ್ಟಲಿಗೆ ಹಾಕಿಸಿಕೊಂಡು ನೋಡಿದರೆ, ಗಾಜಿನ ಮಣಿಯಂಥ ತತ್ತಿಯೊಳಗೆ ಮರಿ ಮಿಸುಕುವುದು ಗೊತ್ತಾಗುತ್ತದೆ.